12 ಸೀಸನ್ ಬಳಸಿದ ಮೇಲೆ ಬೆಂಗಳೂರು ಎಫ್‌ಸಿ

ಬಳಸಿದ ಅವಧಿ: 2013-14 ರಿಂದ 2024-25, ಒಟ್ಟು 12 ಸೀಸನ್. ಕೊಟ್ಟ ಅಂಕ: 5ಕ್ಕೆ ಮೂರೂವರೆ. ಕಳೆದ ಒಂದೂವರೆಯಲ್ಲಿ ಒಂದು ಎದುರಾಳಿಗಳ ಕಾರ್ನರ್ ಕಿಕ್‌ಗಳ ಲೆಕ್ಕಕ್ಕೆ, ಅರ್ಧ 2023-24ರ ಲೆಕ್ಕಕ್ಕೆ.

ಫುಟ್‌ಬಾಲ್ ಕ್ಲಬ್ಬಿಗೆ ಯಾರಾದ್ರೂ ವಿಮರ್ಶೆ ಬರೀತಾರಾ ಅಂತ ಕೇಳಬೇಡಿ. ದುಡ್ಡು ಕೊಟ್ಟು ಟಿಕೆಟ್ ತಗೊಂಡಿದ್ದೇನೆ, ಭಾನುವಾರಗಳನ್ನು ಕೊಟ್ಟಿದ್ದೇನೆ, ಗಂಟಲೂ ಕೊಟ್ಟಿದ್ದೇನೆ. ನನ್ನ ಹತ್ತಿರ ಬ್ಯಾಂಕಿನವರು ಹೊಸ ವರ್ಷಕ್ಕೆ ಕೊಟ್ಟಿದ್ದ ಹಳೇ ಡೈರಿ ಇದೆ. ಸೀಸನ್‌ಗೆ ಒಂದು ಪುಟ. ಮೇಲೆ ಸ್ಥಾನ, ಪಕ್ಕದಲ್ಲಿ ಪಾಯಿಂಟ್, ಕೆಳಗೆ ಕಪ್‌ಗಳು. ಮೊದಲ 6 ಪುಟಗಳಲ್ಲಿ ಒಂದೊಂದರಲ್ಲೂ ಟ್ರೋಫಿ ಇದೆ. ಆಮೇಲಿನ 6 ಪುಟ ಸೇರಿ ಒಂದೇ ಒಂದು. ಗ್ಯಾರಂಟಿ ಮುಗಿದ ಮಾರನೇ ದಿನವೇ ಕೈ ಕೊಡುವ ಮಿಕ್ಸಿ ನೆನಪಾಗುತ್ತದೆ. ಆದರೂ ಬಿಸಾಕಲು ಮನಸ್ಸು ಬರುವುದಿಲ್ಲ.

2013ರ ಸೆಪ್ಟೆಂಬರ್ 22ರಂದು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್‌ನ ಮೊದಲ ಪಂದ್ಯ. ಎದುರಿಗೆ ಕೋಲ್ಕತ್ತದ ಮೋಹನ್ ಬಾಗಾನ್. 1-1 ಡ್ರಾ. ಕ್ಲಬ್ ಹುಟ್ಟಿ ಎರಡು ತಿಂಗಳೂ ಸರಿಯಾಗಿ ಆಗಿತ್ತೋ ಇಲ್ಲವೋ. ಪಾಪ, ಹೊಸ ಹುಡುಗರು, ಎರಡು ವರ್ಷ ಪೆಟ್ಟು ತಿಂದು ಕಲಿಯಲಿ ಅಂದುಕೊಂಡು ಹೋಗಿದ್ದೆ. ಆ್ಯಶ್ಲಿ ವೆಸ್ಟ್‌ವುಡ್ ಕೋಚ್, ಸುನಿಲ್ ಛೇತ್ರಿ ನಾಯಕ. ಏಪ್ರಿಲ್ ಬರುವಷ್ಟರಲ್ಲಿ ಗೋವಾಕ್ಕೆ ಹೋಗಿ ಡೆಂಪೊ ತಂಡವನ್ನು 4-2ರಲ್ಲಿ ಸೋಲಿಸಿ ಚಾಂಪಿಯನ್ ಆಗಿಬಿಟ್ಟರು. 24 ಪಂದ್ಯ, 47 ಪಾಯಿಂಟ್. ಮೊದಲ ಪುಟದಲ್ಲೇ ದೊಡ್ಡದಾಗಿ ‘1’ ಅಂತ ಬರೆದೆ. ಅದರಿಂದ ನನಗೆ ಒಳ್ಳೆಯದಾಗಲಿಲ್ಲ. ಮಗು ಹುಟ್ಟಿದ ದಿನವೇ ಎದ್ದು ಓಡಿದರೆ, ಆಮೇಲೆ ಅದು ನಡೆದರೆ ಯಾರಿಗೂ ಸಮಾಧಾನವಿರುವುದಿಲ್ಲ.

ಎರಡನೇ ವರ್ಷ ತಂಡದ ಮನೆ ಮೈದಾನ ಕಂಠೀರವ ಸ್ಟೇಡಿಯಂಗೆ ಬದಲಾಯಿತು. ಒಂದು ಕಾಲಕ್ಕೆ ಸಂಪಂಗಿ ಕೆರೆ ಇದ್ದ ಜಾಗ. ಜನವರಿಯಲ್ಲಿ ಫೆಡರೇಷನ್ ಕಪ್ ಬಂತು, ಫೈನಲ್‌ನಲ್ಲಿ ಮತ್ತೆ ಡೆಂಪೊ. ಲೀಗ್ ಮಾತ್ರ ಕೊನೇ ದಿನದವರೆಗೆ ಎಳೆಯಿತು. 2015ರ ಮೇ 31, ಕಂಠೀರವ, ಎದುರಿಗೆ ಬಾಗಾನ್. ಅವರಿಗೆ ಡ್ರಾ ಸಾಕು, ನಮಗೆ ಗೆಲ್ಲಲೇಬೇಕು. ಮೊದಲರ್ಧದಲ್ಲೇ ಜಾನ್ ಜಾನ್ಸನ್ ಗೋಲು ಹೊಡೆದ. 87ನೇ ನಿಮಿಷದವರೆಗೆ ನಾವೇ ಚಾಂಪಿಯನ್. ಆಗ ಸೋನಿ ನೋರ್ಡೆಯ ಕಾರ್ನರ್, ಬೆಲ್ಲೊ ರಜಾಕ್‌ನ ಹೆಡರ್. ಮುಗೀತು. ದಾಖಲೆಯಲ್ಲಿ ನೋಡಿದರೆ ಅದೊಂದು ‘2’ ಅಷ್ಟೇ. ಎಷ್ಟೋ ತಂಡಗಳು ಮಾರ್ಚ್‌ಗೇ ಎರಡನೇ ಸ್ಥಾನ ಖಚಿತ ಮಾಡಿಕೊಂಡು ಹಾಯಾಗಿ ಸೀಸನ್ ಮುಗಿಸುತ್ತವೆ. ಅವರದ್ದೂ ‘2’, ನಮ್ಮದೂ ‘2’.

2015-16ರಲ್ಲಿ ಮತ್ತೆ ಐ-ಲೀಗ್. ಈ ಸಲ ಕಂಠೀರವದಲ್ಲೇ, ಸಾಲ್ಗಾಂವ್ಕರ್ ವಿರುದ್ಧ 2-0 ಗೆದ್ದು. ಆದರೆ ಆ ವರ್ಷದ ದೊಡ್ಡ ಕಥೆ ನನ್ನ ಪುಟದಲ್ಲಿ ಹಿಡಿಯುವುದೇ ಇಲ್ಲ. ಏಷ್ಯಾದ ಕ್ಲಬ್‌ಗಳ ಟೂರ್ನಿ ಎಎಫ್‌ಸಿ ಕಪ್ ಫೆಬ್ರವರಿಗೆ ಶುರುವಾಗಿ ನವೆಂಬರ್‌ಗೆ ಮುಗಿಯುತ್ತಿತ್ತು. ಹಾಗಾಗಿ ಅರ್ಧ ಒಂದು ಸೀಸನ್, ಅರ್ಧ ಇನ್ನೊಂದು. ಎರಡು ಪುಟಗಳ ನಡುವಿನ ಹೊಲಿಗೆಯ ಹತ್ತಿರ ಸಣ್ಣ ಅಕ್ಷರದಲ್ಲಿ ಬರೆದಿದ್ದೇನೆ. ಅಷ್ಟರಲ್ಲಿ ಕೋಚ್ ಬದಲಾಗಿ ಆಲ್ಬರ್ಟ್ ರೋಕಾ ಬಂದಿದ್ದರು. ಹಿಂದಿನ ವರ್ಷದ ಚಾಂಪಿಯನ್ ಮಲೇಷ್ಯಾದ ಜೊಹೋರ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಮಣಿಸಿದ ರಾತ್ರಿ ನಾನು ಮನೆಗೆ ಹೇಗೆ ಬಂದೆ ಅಂತ ಇವತ್ತಿಗೂ ನೆನಪಿಲ್ಲ. ಛೇತ್ರಿ ಎರಡು, ಹುವಾನನ್ ಒಂದು. ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್. ದೋಹಾದ ಫೈನಲ್‌ಗೆ ಗೋಲ್‌ಕೀಪರ್ ಅಮರಿಂದರ್ ಅಮಾನತಿನಲ್ಲಿದ್ದ. ಇರಾಕ್‌ನ ಏರ್‌ಫೋರ್ಸ್ ಕ್ಲಬ್ 71ನೇ ನಿಮಿಷದಲ್ಲಿ ಒಂದು ಹೊಡೆಯಿತು, ಅದೇ ಉಳಿಯಿತು. ಆ ಸೋಲಿಗೆ ನಾನು ಅಂಕ ಕಳೆದಿಲ್ಲ. ಬೇಕಾದರೆ ಜಾಸ್ತಿಯೇ ಕೊಡುತ್ತೇನೆ.

2016-17ರ ಪುಟ ನೋಡಿದರೆ ಲೀಗ್‌ನಲ್ಲಿ ನಾಲ್ಕನೇ ಸ್ಥಾನ, ಕೆಳಗೆ ಫೆಡರೇಷನ್ ಕಪ್. ಕಟಕ್‌ನಲ್ಲಿ ಬಾಗಾನ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಸಿ.ಕೆ. ವಿನೀತ್ ಎರಡು ಗೋಲು. 2015ರ ಬಾಕಿ ಸ್ವಲ್ಪ ತೀರಿತು ಅನ್ನಿ.

ಇಲ್ಲಿಂದ ಮುಂದೆ ಐ-ಲೀಗ್ ಬಿಟ್ಟು ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್. ಹೊಸಬರು ದಾಖಲೆ ಓದುವಾಗ ಎಡವುವುದೂ ಇಲ್ಲೇ. ಐ-ಲೀಗ್‌ನಲ್ಲಿ ಟೇಬಲ್‌ನ ಮೇಲೆ ಇದ್ದವನೇ ಚಾಂಪಿಯನ್. ಐಎಸ್‌ಎಲ್‌ನಲ್ಲಿ ಆಗ ಹಾಗಿರಲಿಲ್ಲ. ಟೇಬಲ್ ಮುಗಿದ ಮೇಲೆ ಸೆಮಿಫೈನಲ್, ಫೈನಲ್. 2017-18ರಲ್ಲಿ ನಾವು 18 ಪಂದ್ಯಗಳಲ್ಲಿ 40 ಪಾಯಿಂಟ್ ತಗೊಂಡು ಮೊದಲು ಬಂದೆವು. ಎರಡನೇ ಸ್ಥಾನದ ಚೆನ್ನೈಯಿನ್‌ಗೆ 32. ಎಂಟು ಪಾಯಿಂಟ್ ಅಂತರ! ಕೈಗೆ ಸಿಕ್ಕಿದ್ದು ಏನೂ ಇಲ್ಲ. ಟೇಬಲ್ ಗೆದ್ದವರಿಗೆ ಶೀಲ್ಡ್ ಕೊಡುವ ಪದ್ಧತಿ ಶುರುವಾದದ್ದು 2019-20ರಿಂದ. ನಾವು ಮೊದಲು ಬಂದದ್ದು ಅದರ ಹಿಂದಿನ ಎರಡು ವರ್ಷ. ಮದುವೆ ಮನೆಯಲ್ಲಿ ಪಾಯಸ ಬಡಿಸುವ ಹೊತ್ತಿಗೆ ಎಲೆ ಮಡಚಿ ಎದ್ದ ಹಾಗಾಯಿತು.

ಆ ಫೈನಲ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. 2018ರ ಮಾರ್ಚ್ 17, ನಮ್ಮದೇ ಮೈದಾನ. 9ನೇ ನಿಮಿಷಕ್ಕೆ ಉದಾಂತ ಕೊಟ್ಟ ಚೆಂಡಿಗೆ ಛೇತ್ರಿ ಹಾರಿ ತಲೆ ಕೊಟ್ಟ. ಗೋಲು. ಇಡೀ ಕಂಠೀರವ ನೀಲಿ ಸಮುದ್ರ. ನನ್ನ ಪಕ್ಕ ಎಚ್‌ಎಎಲ್‌ನಿಂದ ನಿವೃತ್ತರಾದ ಹಿರಿಯರೊಬ್ಬರು ಕೂತಿದ್ದರು. ಅವರು ಮಾತ್ರ ಕುಣಿಯಲಿಲ್ಲ. 17ನೇ ನಿಮಿಷ, ಚೆನ್ನೈಯಿನ್‌ಗೆ ಕಾರ್ನರ್. ಗ್ರೆಗರಿ ನೆಲ್ಸನ್ ಚೆಂಡಿಡುವಾಗಲೇ ಹಿರಿಯರು ಎದ್ದು ನಿಂತು, “ಆ ಉದ್ದನೆಯವನನ್ನ ಹಿಡ್ಕೊಳ್ರೋ!” ಅಂತ ಕೂಗಿದರು. ಯಾರೂ ಹಿಡಿಯಲಿಲ್ಲ. ಮೈಲ್ಸನ್ ಆಲ್ವೆಸ್ ಹೆಡರ್, 1-1. ಮೊದಲರ್ಧ ಮುಗಿಯುವ ಹೊತ್ತಿಗೆ ಇನ್ನೊಂದು ಕಾರ್ನರ್. ಅದೇ ನೆಲ್ಸನ್, ಅದೇ ಆಲ್ವೆಸ್, ಅದೇ ತಲೆ. ಹಿರಿಯರು ಈ ಸಲ ಕೂಗಲೂ ಇಲ್ಲ. “ಹೇಳಿದ್ನಲ್ಲಪ್ಪಾ” ಅಂತ ನನ್ನ ಕಡೆ ತಿರುಗಿದರು, ನಾನೇ ಆಲ್ವೆಸ್‌ನನ್ನು ಬಿಟ್ಟುಕೊಟ್ಟವನ ಹಾಗೆ. ರಫಾಯೆಲ್ ಅಗುಸ್ಟೊ ಮೂರನೆಯದು ಹೊಡೆದ. ಕೊನೆಗೆ ಮಿಕು ಒಂದು ತೀರಿಸಿದ. 2-3. ಮುಂದಿನ ತಿಂಗಳು ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲ್‌ಗೆ 4-1 ಬಡಿದು ಸೂಪರ್ ಕಪ್ ತಂದರು. ಡೈರಿಯಲ್ಲಿ ಬರೆದೆ, ಖುಷಿ ಮಾತ್ರ ಪೂರ್ತಿ ಆಗಲಿಲ್ಲ.

ಮರುವರ್ಷ ಕಾರ್ಲೆಸ್ ಕ್ವಾದ್ರಾತ್ ಕೋಚ್. ಗೋವಾಕ್ಕೂ ನಮಗೂ ತಲಾ 34 ಪಾಯಿಂಟ್, ಆದರೂ ಮೇಲೆ ನಾವೇ. ಫೈನಲ್‌ನಲ್ಲಿ ಅದೇ ಗೋವಾ, ತಾರೀಖು ಕೂಡ ಅದೇ ಮಾರ್ಚ್ 17, ಊರು ಮಾತ್ರ ಮುಂಬೈ. 117ನೇ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಕಾರ್ನರ್, ರಾಹುಲ್ ಭೆಕೆ ಹೆಡರ್. 1-0. ನಮ್ಮನ್ನು ಎರಡು ಸಲ ಅಳಿಸಿದ ಕಾರ್ನರ್ ಮೂರನೇ ಸಲ ನಮ್ಮ ಕಡೆ ಬಂತು. ಆ ಪುಟದಲ್ಲಿ ‘1’ರ ಪಕ್ಕ ಒಂದು ಬಾವುಟ ಬಿಡಿಸಿದ್ದೇನೆ. ಚಿತ್ರ ಚೆನ್ನಾಗಿಲ್ಲ.

2019-20ರಲ್ಲಿ ಮೂರನೆಯವರು, ಸೆಮಿಫೈನಲ್‌ನಲ್ಲಿ ಎಟಿಕೆ ಕೈಯಲ್ಲಿ ಸೋಲು. ಮುಂದಿನ ಎರಡು ಸೀಸನ್ ಕೋವಿಡ್‌ನಿಂದಾಗಿ ಪೂರ್ತಿ ಗೋವಾದಲ್ಲೇ ನಡೆದವು. 7ನೇ ಸ್ಥಾನ, ಆಮೇಲೆ 6ನೇ ಸ್ಥಾನ. ಆ ಎರಡು ಅಂಕಿಗಳನ್ನು ಬೇರೆಯವುಗಳ ಜೊತೆ ಹೋಲಿಸಬೇಡಿ. ಕಂಠೀರವದಲ್ಲಿ ಒಂದೇ ಒಂದು ಲೀಗ್ ಪಂದ್ಯ ಆಗಲಿಲ್ಲ, ಕಟ್ಟಾ ಅಭಿಮಾನಿಗಳು ಕೂರುವ ವೆಸ್ಟ್ ಬ್ಲಾಕ್‌ನ ಡ್ರಮ್ ಇಲ್ಲ, ನಾನು ಮನೆಯಲ್ಲಿ ಟಿವಿ ಮುಂದೆ. ಬಳಸದ ವಸ್ತುವಿಗೆ ಏನು ವಿಮರ್ಶೆ?

2022-23 ಹುಚ್ಚು ವರ್ಷ. ಸೈಮನ್ ಗ್ರೇಸನ್ ಬಂದ ಕೂಡಲೇ ಸೆಪ್ಟೆಂಬರ್‌ನಲ್ಲಿ ಡ್ಯುರಾಂಡ್ ಕಪ್ ಗೆದ್ದರು. ಆಮೇಲೆ ಲೀಗ್‌ನ ಮೊದಲ 12 ಪಂದ್ಯಗಳಲ್ಲಿ 10 ಪಾಯಿಂಟ್. ನಾನು ಡೈರಿ ಮುಚ್ಚಿಟ್ಟಿದ್ದೆ. ಉಳಿದ 8 ಪಂದ್ಯಗಳಲ್ಲಿ ಎಂಟಕ್ಕೆ ಎಂಟೂ ಗೆಲುವು! ನಾಲ್ಕನೇ ಸ್ಥಾನ. ನಾಕೌಟ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಆಟಗಾರರು ಸಾಲಾಗಿ ಗೋಡೆಯಂತೆ ನಿಲ್ಲುವ ಮೊದಲೇ ಛೇತ್ರಿ ಫ್ರೀ ಕಿಕ್ ಒಳಗೆ ಹಾಕಿದ್ದು, ಅವರು ಮೈದಾನ ಬಿಟ್ಟು ಹೊರಟದ್ದು ಎಲ್ಲರಿಗೂ ಗೊತ್ತು. ಗೋಲು ಸರಿಯೋ ತಪ್ಪೋ ಅಂತ ನಮ್ಮ ಆಫೀಸಿನ ಮಲಯಾಳಿ ಗೆಳೆಯರ ಜೊತೆ ಇವತ್ತಿಗೂ ಜಗಳ ಮುಗಿದಿಲ್ಲ. ರೆಫ್ರಿ ಒಪ್ಪಿದರು, ಅಷ್ಟು ಸಾಕು ಅನ್ನುವುದು ನನ್ನ ವಾದ. ಸೆಮಿಫೈನಲ್‌ನಲ್ಲಿ ಮುಂಬೈ ಸಿಟಿ ವಿರುದ್ಧ ಪೆನಾಲ್ಟಿ 9-8. ಫೈನಲ್‌ನಲ್ಲಿ ಬಾಗಾನ್ ವಿರುದ್ಧ 2-2, ಪೆನಾಲ್ಟಿಯಲ್ಲಿ 3-4. ಮತ್ತೆ ಅದೇ ಬಾಗಾನ್.

2023-24: 22 ಪಂದ್ಯ, 22 ಪಾಯಿಂಟ್, 12 ತಂಡಗಳಲ್ಲಿ 10ನೇ ಸ್ಥಾನ. ಅರ್ಧ ದಾರಿಯಲ್ಲಿ ಗ್ರೇಸನ್ ಹೋಗಿ ಜೆರಾರ್ಡ್ ಸಾರಗೋಸಾ ಬಂದರು. ಬೇರೆ ಏನೂ ಬರೆಯುವುದಿಲ್ಲ.

ಆ ಪುಟದ ಮುಂದಿನದೇ 2024-25. ಮೂರನೇ ಸ್ಥಾನ, 38 ಪಾಯಿಂಟ್, ಮುಂಬೈ ಸಿಟಿಗೆ ಕಂಠೀರವದಲ್ಲಿ 5-0. ಗೋವಾದಲ್ಲಿ ಸೆಮಿಫೈನಲ್ ಕೈಜಾರುತ್ತಿದ್ದಾಗ 92ನೇ ನಿಮಿಷಕ್ಕೆ ಛೇತ್ರಿಯ ಹೆಡರ್. ಮನುಷ್ಯನಿಗೆ 40 ವರ್ಷ, ಆ ಸೀಸನ್‌ಗೆ 14 ಗೋಲು. ಕೋಲ್ಕತ್ತದ ಫೈನಲ್‌ನಲ್ಲಿ ನಾವೇ ಮುಂದಿದ್ದೆವು. ಹೆಚ್ಚುವರಿ ಸಮಯದಲ್ಲಿ ಮೆಕ್ಲಾರೆನ್ ಹೊಡೆದ, 1-2. ಯಾರ ವಿರುದ್ಧ ಅಂತ ಕೇಳಬೇಡಿ.

ಈ ಕ್ಲಬ್ ಬಗ್ಗೆ ನನ್ನ ನಿಜವಾದ ದೂರು ಇಷ್ಟೇ. 2013ರಲ್ಲೂ ಕೊನೇ ಹತ್ತು ನಿಮಿಷಕ್ಕೆ ಛೇತ್ರಿಯನ್ನೇ ನೋಡುತ್ತಿದ್ದೆವು, 2025ರಲ್ಲೂ ಅವನನ್ನೇ. ಡೈರಿಯ 12 ಪುಟದಲ್ಲೂ ಇರುವ ಹೆಸರು ಅದೊಂದೇ. ಇದು ಅವನ ತಪ್ಪಲ್ಲ, ಅಲ್ವಾ?

ಹೊಸದಾಗಿ ಟಿಕೆಟ್ ತಗೊಳ್ಳುವವರಿಗೆ: ಕಬ್ಬನ್ ಪಾರ್ಕ್ ಮೆಟ್ರೋದಲ್ಲಿ ಇಳಿದು ನಡೆದು ಹೋಗಿ. ಮೈದಾನದ ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಆಟ ಸ್ವಲ್ಪ ದೂರ ಕಾಣುತ್ತದೆ, ಮೇಲಿನ ಸಾಲು ವಾಸಿ. ಗದ್ದಲ ಬೇಕಿದ್ದರೆ ವೆಸ್ಟ್ ಬ್ಲಾಕ್. ಅಲ್ಲಿ ಯಾರಾದರೂ ಎದುರಾಳಿಗೆ ಕಾರ್ನರ್ ಸಿಕ್ಕ ಕೂಡಲೇ ಬಗ್ಗಿ ಶೂ ಲೇಸ್ ಕಟ್ಟುತ್ತಾ ಕೂತಿದ್ದರೆ ಅದು ನಾನೇ. ಪಕ್ಕದವರು “ಹೋಯ್ತು ಹೋಯ್ತು, ಏಳಿ” ಅಂದ ಮೇಲೆ ಏಳುತ್ತೇನೆ. ಚಪ್ಪಲಿ ಹಾಕಿಕೊಂಡು ಹೋದ ದಿನವೂ ಹಾಗೇ.