ಗೋಆಕ್ಸೆಸ್: ವರ್ಷಗಟ್ಟಲೆ ಬಳಸಿದ ಮೇಲೆ, ಮುಖ್ಯವಾಗಿ ಅದರ ಬ್ರೌಸರ್ ಪಟ್ಟಿಯ ಬಗ್ಗೆ

ದಾವಣಗೆರೆಯ ಕೆಲವು ಅಂಗಡಿ, ಮಂಡಿಗಳ ವೆಬ್‌ಸೈಟ್ ಸರ್ವರ್ ನಾನೇ ನೋಡಿಕೊಳ್ಳುತ್ತೇನೆ. ಜಾಸ್ತಿ ಜನ ಬರುವುದು ಮೆಕ್ಕೆಜೋಳ, ಅಡಿಕೆ ಧಾರಣೆ ಹಾಕುವ ಒಂದು ಪುಟಕ್ಕೆ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶ ಬರೆಯುವ ಲಾಗ್, ಅಂದರೆ ಯಾರು ಯಾವ ಪುಟ ಕೇಳಿದರು ಅನ್ನುವ ದಾಖಲೆ, ಓದಲು ಬಹಳ ಕಾಲದಿಂದ ಗೋಆಕ್ಸೆಸ್ ಬಳಸುತ್ತಿದ್ದೇನೆ. ಮುಕ್ತ ತಂತ್ರಾಂಶ, ದುಡ್ಡು ಕೊಡಬೇಕಿಲ್ಲ, ಸಣ್ಣ ಸರ್ವರ್‌ನಲ್ಲೂ ಚಕಚಕ ಓಡುತ್ತದೆ. ಟರ್ಮಿನಲ್‌ನಲ್ಲೇ ನೋಡಬಹುದು, ಬೇಕಾದರೆ ಎಚ್‌ಟಿಎಮ್‌ಎಲ್ ವರದಿಯೂ ಸಿಗುತ್ತದೆ. ಪುಟದೊಳಗೆ ಯಾವ ಸ್ಕ್ರಿಪ್ಟೂ ಸೇರಿಸಬೇಕಿಲ್ಲ, ಹಾಗಾಗಿ ಜಾವಾಸ್ಕ್ರಿಪ್ಟ್ ಸರಿಯಾಗಿ ಓಡದ ಫೋನಿನವರೂ ಲೆಕ್ಕಕ್ಕೆ ಬರುತ್ತಾರೆ. ನನಗೆ ಇದೇ ದೊಡ್ಡ ವಿಷಯ.

ಆದರೆ ಬ್ರೌಸರ್ ಮತ್ತು ಆಪರೇಟಿಂಗ್ ಸಿಸ್ಟಂ ಪಟ್ಟಿಯನ್ನು ಸುಮ್ನೆ ನಂಬಿ ನಿರ್ಧಾರ ಮಾಡಬೇಡಿ. ಅದು ಗೋಆಕ್ಸೆಸ್‌ನ ದೋಷ ಅಲ್ಲ. ಪುಟ ಕೇಳುವಾಗ ಬ್ರೌಸರ್ ತನ್ನ ಬಗ್ಗೆ ತಾನೇ ಕಳಿಸುವ ಪರಿಚಯದ ಸಾಲನ್ನು ಅದು ಗುಂಪು ಮಾಡಿ ಕೊಡುತ್ತದೆ, ಅಷ್ಟೇ.

ಲಾಗ್‌ನಲ್ಲಿ ದಿನಾ ಕಾಣುವ ಒಂದು ಸಾಲು ನೋಡಿ: "ಮೊಜಿಲ್ಲಾ/5.0 (ಲಿನಕ್ಸ್, ಆಂಡ್ರಾಯ್ಡ್ 10, ಕೆ) ಆಪಲ್‌ವೆಬ್‌ಕಿಟ್/537.36 (ಕೆಎಚ್‌ಟಿಎಮ್‌ಎಲ್, ಲೈಕ್ ಗೆಕ್ಕೋ) ಕ್ರೋಮ್", ಆಮೇಲೆ ಆವೃತ್ತಿ, ಕೊನೆಗೆ "ಮೊಬೈಲ್ ಸಫಾರಿ/537.36". ಬಂದಿರುವುದು ಕ್ರೋಮ್ ಒಂದೇ, ಹೆಸರು ಮಾತ್ರ ರಾಶಿ! 1990ರ ದಶಕದಲ್ಲಿ ಕೆಲವು ಸರ್ವರ್‌ಗಳು ಫ್ರೇಮ್ ಇರುವ ಒಳ್ಳೇ ಪುಟವನ್ನು ಮೊಜಿಲ್ಲಾ ಅಂದವರಿಗೆ, ಅಂದರೆ ನೆಟ್‌ಸ್ಕೇಪ್‌ಗೆ ಮಾತ್ರ ಕೊಡುತ್ತಿದ್ದವು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೂಡ ಅದೇ ಹೆಸರು ಹೇಳಿಕೊಂಡು ಒಳಗೆ ಬಂತು. 2003ರಲ್ಲಿ ಬಂದ ಸಫಾರಿ ಕೆಎಚ್‌ಟಿಎಮ್‌ಎಲ್ ಎಂಬ ಎಂಜಿನ್‌ನಿಂದ (ಪುಟವನ್ನು ತೆರೆಯ ಮೇಲೆ ಮೂಡಿಸುವ ಭಾಗ) ಬೆಳೆದದ್ದು, ಅದು ಮೊಜಿಲ್ಲಾದ ಎಂಜಿನ್ ಗೆಕ್ಕೋ ಹೆಸರು ಹಿಡಿದು "ಗೆಕ್ಕೋ ಥರ" ಅಂತ ಸೇರಿಸಿತು. 2008ರಲ್ಲಿ ಕ್ರೋಮ್ ಬಂದಾಗ ಸಫಾರಿ ಹೆಸರನ್ನೂ ಹೊತ್ತು ತಂತು. ತೆಗೆದರೆ ಯಾವ ಹಳೇ ಸೈಟ್ ಕೆಡುತ್ತದೋ ಅಂತ ಯಾರೂ ಕೈ ಹಾಕಲಿಲ್ಲ.

ಆ "ಆಂಡ್ರಾಯ್ಡ್ 10, ಕೆ" ಇದೆಯಲ್ಲ, ಅದರಿಂದಲೇ ಜಾಸ್ತಿ ಗೊಂದಲ. ವರದಿ ನೋಡಿದ ಮಂಡಿ ಮಾಲೀಕರೊಬ್ಬರು "ಏನ್ರೀ, ಎಲ್ಲರೂ ಇನ್ನೂ ಹಳೇ ಫೋನೇ ಇಟ್ಕೊಂಡಿದಾರಾ?" ಅಂತ ಕೇಳಿದರು. ಇಲ್ಲ. ಜನರನ್ನು ಗುರುತು ಹಿಡಿದು ಹಿಂಬಾಲಿಸುವುದು ಕಷ್ಟವಾಗಲಿ ಅಂತ 2022-23ರ ಹೊತ್ತಿಗೆ ಕ್ರೋಮ್ ಈ ಮಾಹಿತಿಯನ್ನು ಮೊಟಕು ಮಾಡಿತು. ನಿನ್ನೆ ಕೊಂಡ ಫೋನೂ ಆಂಡ್ರಾಯ್ಡ್ 10 ಅಂತಲೇ ಹೇಳುತ್ತದೆ, ಮಾಡೆಲ್ ಜಾಗದಲ್ಲಿ ಬರೀ ಕೆ. ವಿಂಡೋಸ್ 11 ಕೂಡ ಇಲ್ಲಿ ವಿಂಡೋಸ್ 10ರ ಹಾಗೆ ಎನ್‌ಟಿ 10.0 ಅಂತಲೇ ಕಾಣುತ್ತದೆ.

ಇನ್ನೊಂದು, ನೆಕ್ಸಸ್ 5ಎಕ್ಸ್. ಆಂಡ್ರಾಯ್ಡ್ 6.0.1 ಇರುವ ಈ ಫೋನ್ ದಿನವಿಡೀ ಸೈಟ್ ಓದುತ್ತಿರುವ ಹಾಗೆ ಕಂಡರೆ ಸಾಲಿನ ಕೊನೆ ತನಕ ಓದಿ, "ಗೂಗಲ್‌ಬಾಟ್/2.1" ಅಂತ ಇರುತ್ತದೆ. ಅದು ಗೂಗಲ್ ಹುಡುಕಾಟಕ್ಕಾಗಿ ಪುಟ ಓದುವ ಬಾಟ್, ಅಂದರೆ ತಾನಾಗಿ ಓಡುವ ತಂತ್ರಾಂಶ. ಆ ಹೆಸರನ್ನೂ ಯಾರು ಬೇಕಾದರೂ ಹಾಕಿಕೊಳ್ಳಬಹುದು. ಅನುಮಾನ ಬಂದಾಗ ನಾನು ಐಪಿಯನ್ನು (ಬಂದವರ ಇಂಟರ್ನೆಟ್ ವಿಳಾಸದ ಸಂಖ್ಯೆ) ಹೋಸ್ಟ್ ಕಮಾಂಡಿಗೆ ಕೊಟ್ಟು, ಬರುವ ಹೆಸರು ಗೂಗಲ್‌ನದ್ದೇನಾ ಅಂತ ನೋಡಿ, ಆ ಹೆಸರನ್ನು ಮತ್ತೆ ಕೊಟ್ಟಾಗ ಅದೇ ಐಪಿ ಬರುತ್ತದಾ ಅಂತ ನೋಡುತ್ತೇನೆ. ಎರಡೂ ಕಡೆ ತಾಳೆಯಾದರೆ ಅಸಲಿ.

ಬಾಟ್‌ಗಳನ್ನು ಬಿಟ್ಟು ಲೆಕ್ಕ ಹಾಕುವ ಆಯ್ಕೆಯೂ ಗೋಆಕ್ಸೆಸ್‌ನಲ್ಲಿದೆ. ಆದರೆ ಅದು ನಡೆಯುವುದು ಹೆಸರಿನ ಪಟ್ಟಿಯ ಮೇಲೆ. ಕ್ರೋಮ್ ಅಂತ ಹೇಳಿಕೊಂಡು ಬಂದು, ಒಂದು ಚಿತ್ರವನ್ನೂ, ಪುಟದ ಅಂದ ತಿಳಿಸುವ ಸಿಎಸ್‌ಎಸ್ ಕಡತವನ್ನೂ ಕೇಳದೆ, ನಮ್ಮ ಸೈಟಿನಲ್ಲಿ ಇಲ್ಲವೇ ಇಲ್ಲದ ವರ್ಡ್‌ಪ್ರೆಸ್ ಲಾಗಿನ್ ಪುಟವನ್ನು ತಟ್ಟಿ ಹೋಗುವವರು ಮನುಷ್ಯರ ಲೆಕ್ಕಕ್ಕೇ ಸೇರಿಬಿಡುತ್ತಾರೆ. ಅಂಥವರನ್ನು ಹಿಡಿಯಲು ಏಜೆಂಟ್ ಲಿಸ್ಟ್ ಆಯ್ಕೆ ಹಾಕಿ, ಒಂದೊಂದು ಐಪಿ ಯಾವ್ಯಾವ ಹೆಸರಲ್ಲಿ ಬಂದಿದೆ ಅಂತ ನೋಡಬೇಕು. ಒಂದೇ ಐಪಿ ಗಳಿಗೆಗೊಂದು ಬ್ರೌಸರ್ ಹೆಸರು ಬದಲಿಸುತ್ತಿದ್ದರೆ ಅನುಮಾನ ಪಡಲೇಬೇಕು. ಆದರೆ ಮೊಬೈಲ್ ಕಂಪನಿಗಳು ಒಂದೇ ಐಪಿಯ ಹಿಂದೆ ಬಹಳ ಜನರನ್ನು ಕೂರಿಸುತ್ತವೆ, ಹಾಗಾಗಿ ಇದೊಂದನ್ನೇ ನೋಡಿ ಬಾಗಿಲು ಹಾಕಬೇಡಿ.

ತಡೆಯುವ ವಿಷಯದಲ್ಲಿ ನನ್ನ ನಿಲುವು ಗಟ್ಟಿ. "ಹಳೇ ಬ್ರೌಸರ್ ಎಲ್ಲ ಬಾಟ್, ಬ್ಲಾಕ್ ಮಾಡಿ" ಅಂತ ಸಲಹೆ ಕೊಡುವವರು ಬೇಕಾದಷ್ಟು ಜನ. ಫೈರ್‌ಫಾಕ್ಸ್ 48 ಬಂದದ್ದು 2016ರಲ್ಲಿ, ಈಗ ಅದನ್ನು ಯಾರು ಬಳಸುತ್ತಾರೆ ಅಂತ ನಿಮಗೂ ಅನಿಸಬಹುದು. ಅದೇ ಸಾಲಿನಲ್ಲಿ "ಎಲ್‌ವೈಎಫ್" ಮತ್ತು "ಕೈಓಎಸ್" ಅಂತ ಇದ್ದರೆ ಅದು ಜಿಯೋಫೋನ್! ಚನ್ನಗಿರಿ ಕಡೆಯ ತೋಟದಲ್ಲಿ ನಿಂತು ಬಟನ್ ಫೋನಿನಲ್ಲಿ ಅಡಿಕೆ ಧಾರಣೆ ನೋಡುವವರನ್ನು ಹೊರಗೆ ಹಾಕಿದರೆ ನಾವು ಆ ಪುಟ ಮಾಡಿದ್ದಾದರೂ ಯಾರಿಗೆ?

ವಾಟ್ಸಾಪ್ ಹೆಸರಿನ ಸಾಲುಗಳೂ ಹಾಗೇ, ಕಸ ಅಂತ ತೆಗೆಯಬೇಡಿ. ಯಾರೋ ಲಿಂಕ್ ಕಳಿಸುವಾಗ ಪ್ರಿವ್ಯೂ ಮಾಡಲು ಅವರ ಫೋನೇ ಬಂದು ಪುಟ ಎಳೆದುಕೊಂಡು ಹೋದ ಗುರುತು ಅದು. ಓದುಗರ ಲೆಕ್ಕಕ್ಕೆ ಸೇರಿಸಬಾರದು, ನಿಜ. ಆದರೆ ಧಾರಣೆ ಏರಿದ ದಿನ ಪುಟ ಎಷ್ಟು ಕಡೆ ಹಂಚಿಕೆಯಾಯಿತು ಅಂತ ಅಂದಾಜು ಸಿಗುವುದು ಅದರಿಂದಲೇ.

ಹೊಸದಾಗಿ ಹಾಕಿಕೊಳ್ಳುವವರು ಮೊದಲ ದಿನವೇ ಪರ್ಸಿಸ್ಟ್ (ಲೆಕ್ಕ ಉಳಿಸಿಡುವುದು), ರಿಸ್ಟೋರ್ (ಉಳಿಸಿದ್ದನ್ನು ಮತ್ತೆ ತರುವುದು) ಆಯ್ಕೆಗಳನ್ನು ಸೇರಿಸಿ. ಉಬುಂಟುವಿನಲ್ಲಿ ಎಂಜಿನ್‌ಎಕ್ಸ್‌ನ ಹಳೇ ಲಾಗ್ ಕಡತಗಳು ತಾನಾಗಿ ಉಳಿಯುವುದು 14 ಮಾತ್ರ, ದಿನಕ್ಕೊಂದರ ಹಾಗೆ. ಈ ಆಯ್ಕೆಗಳಿಂದ ಉಳಿಯುವುದೂ ಒಟ್ಟು ಲೆಕ್ಕ ಅಷ್ಟೇ. ಅನುಮಾನದ ಸಾಲನ್ನು ಮುಂದೊಮ್ಮೆ ಪೂರ್ತಿ ಓದಬೇಕು ಅಂದರೆ ಆ ಜಿಪ್ ಕಡತಗಳನ್ನು ಬೇರೆ ಕಡೆ ಎತ್ತಿಡಬೇಕು.