ರಕ್ಷಣಾ ಆದೇಶ: ಉಚಿತ ಸರ್ಕಾರಿ ಸೇವೆ ನಮಗೆ ಹೇಗಿತ್ತು

ತಂಗಿ ಮಗು ಎತ್ತಿಕೊಂಡು ರಾತ್ರೋರಾತ್ರಿ ನಮ್ಮನೆಗೆ ಬಂದ ಮೇಲೆ, ಗಂಡ ಹಿಂಸೆ ಕೊಡದಂತೆ ತಡೆಯುವ ಕೋರ್ಟಿನ ರಕ್ಷಣಾ ಆದೇಶ ಕೈಗೆ ಬರುವವರೆಗೂ ಅವಳ ಜೊತೆ ಓಡಾಡಿದವಳು ನಾನು. ವಕೀಲರಿಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಆದರೂ ಐದರಲ್ಲಿ ಮೂರೂವರೆ ಅಂಕವಷ್ಟೇ ಕೊಡುತ್ತೇನೆ.

ಪೂರ್ತಿ ಅಂಕ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ. ಅಂಗನವಾಡಿ ನೋಡಿಕೊಳ್ಳುವ ಈ ಅಧಿಕಾರಿಯೇ ಕರ್ನಾಟಕದಲ್ಲಿ 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ರಕ್ಷಣಾಧಿಕಾರಿ ಅಂತ ನನಗೆ ಗೊತ್ತೇ ಇರಲಿಲ್ಲ. ತಂಗಿ "ಹೊಡೆದ್ರು" ಅಂದು ಸುಮ್ಮನಾಗಿದ್ದಳು. ಅಧಿಕಾರಿ ಮೇಡಂ ಹಿಂಸೆಯ ವರದಿ ಬರೆಯುವ ನಮೂನೆ ಹಿಡಿದು ಒಂದೊಂದೇ ಓದಿದರು. ಗಂಡು ಮಗು ಆಗಲಿಲ್ಲ ಅಂತ ಹಂಗಿಸ್ತಿದ್ರಾ? ಸಂಬಳ ಕಿತ್ಕೊಳ್ತಿದ್ರಾ? ಕರೆಂಟ್ ಬಿಲ್ ಕಟ್ಟದೆ ಬಿಡ್ತಿದ್ರಾ? ತಂಗಿ ನನ್ನ ಕಡೆ ತಿರುಗಿ, "ಅಕ್ಕಾ, ಇದೂ ಲೆಕ್ಕಕ್ಕೆ ಬರುತ್ತಾ?" ಅಂದಳು. ಆಮೇಲೆ ಮುಕ್ಕಾಲು ಗಂಟೆ ಅವಳೇ ಮಾತಾಡಿದಳು.

ಸರ್ಕಾರದ ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಕ್ಕರು. ಹೆಂಗಸರಿಗೆ ಇದಕ್ಕೆ ಆದಾಯ ಮಿತಿ ಇಲ್ಲ. ಮಾತು ಮೃದು, ಆದರೆ ಒಂದು ಎಡವಟ್ಟು ಮಾಡಿದರು. ಕೇಸು ಮುಗಿಯುವ ಮುಂಚೆಯೇ ತುರ್ತಾಗಿ ಮಧ್ಯಂತರ ಆದೇಶ ಬೇಕಿದ್ದರೆ ಅರ್ಜಿ ಜೊತೆ ನಮೂನೆ 3ರ ಅಫಿಡವಿಟ್ (ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆ) ಇಡಬೇಕು. ಅದನ್ನೇ ಮರೆತಿದ್ದರು. ಹಾಗಾಗಿ ಮೊದಲ ದಿನ ಮ್ಯಾಜಿಸ್ಟ್ರೇಟರು ಬರೀ ನೋಟಿಸ್ ಕೊಟ್ಟು ದಿನಾಂಕ ಮುಂದಕ್ಕೆ ಹಾಕಿದರು. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ ಅನ್ನುತ್ತದೆ ಕಾಯ್ದೆ. ನಮ್ಮದು ಬಂದಿದ್ದೇ ಒಂಬತ್ತನೇ ದಿನ, ಅದೂ ಹೀಗೆ ಹೋಯಿತು. ಫೈಲ್ ಮಾಡುವ ಮುಂಚೆ "ಅಫಿಡವಿಟ್ ಇದೆಯಾ ಸಾರ್?" ಅಂತ ಕೇಳಿಬಿಡಿ, ಬೇಜಾರಾದರೆ ಆಗಲಿ.

ಮುಂದಿನ ಸಲ ಅಫಿಡವಿಟ್, ಆಸ್ಪತ್ರೆ ಚೀಟಿ ಎರಡನ್ನೂ ಓದಿದ ಮ್ಯಾಜಿಸ್ಟ್ರೇಟರು, ಗಂಡ ಬರದಿದ್ದರೂ ಆದೇಶ ಮಾಡಿದರು. ಹಿಂಸೆ ಕೂಡದು, ಅವಳ ಆಫೀಸಿಗೆ ಕಾಲಿಡಕೂಡದು, ಫೋನು ಮೆಸೇಜು ಯಾವುದೂ ಕೂಡದು. ಮೀರಿದರೆ 1 ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜಾಮೀನು ಸಿಗಲೇಬೇಕು ಅಂತಿಲ್ಲ. ಆದೇಶದ ಪ್ರತಿಗೆ ದುಡ್ಡಿಲ್ಲ.

ಉಳಿದ ಅಂಕ ಕಳೆದದ್ದು ಠಾಣೆ. ಕೋರ್ಟಿನಿಂದ ಅಲ್ಲಿಗೂ ಒಂದು ಪ್ರತಿ ಹೋಗಬೇಕು. ವಾರದ ಮೇಲೆ ವಿಚಾರಿಸಿದರೆ "ಬಂದಿಲ್ಲಮ್ಮ" ಅಂದರು. ನಾವೇ ಜೆರಾಕ್ಸ್ ಕೊಟ್ಟು, ಇನ್ನೊಂದರ ಮೇಲೆ ಸೀಲು ಸಹಿ ಹಾಕಿಸಿಕೊಂಡು ಬಂದೆವು. ಸುಮ್ನೆ ಒಂದು ದಿನ ಹಾಳಾಯಿತು, ಆದರೆ ಠಾಣೆಗೆ ಪ್ರತಿ ತಲುಪಿದೆ ಅನ್ನೋದಕ್ಕೆ ಆ ಸೀಲು ಬೇಕಾಗುತ್ತದೆ.

ಈಗ ಮೂಲ ಪ್ರತಿ ನಮ್ಮ ಬೀರುವಿನಲ್ಲಿದೆ. ಒಂದು ಜೆರಾಕ್ಸ್ ತಂಗಿಯ ಊಟದ ಬ್ಯಾಗಿನಲ್ಲಿ. ಇನ್ನೊಂದು ಅವಳ ಆಫೀಸಿನ ಗೇಟಿನಲ್ಲಿ ಕೂರುವ ಸೆಕ್ಯುರಿಟಿ ಅಣ್ಣನ ಹತ್ತಿರ, ಅವರ ರಿಜಿಸ್ಟರ್ ಪುಸ್ತಕದೊಳಗೆ.