ಹಂಪನಕಟ್ಟೆಯಲ್ಲಿ ಸಿಗುವ ಮೊರಾನ್ 406: ಕಿಟ್ ಚೆನ್ನಾಗಿದೆ, ಜೊತೆಗಿರುವ ಚರಿತ್ರೆ ಅರ್ಧ ಮಾತ್ರ

1939ರಲ್ಲಿ ಯುದ್ಧ ಆರಂಭವಾದಾಗ ಫ್ರೆಂಚ್ ವಾಯುಪಡೆಯಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿದ್ದ ಫೈಟರ್ ವಿಮಾನ ಮೊರಾನ್-ಸೋಲ್ನಿಯೆ 406. ಅದರ 1:72 ಅಳತೆಯ ಪ್ಲಾಸ್ಟಿಕ್ ಕಿಟ್ ಮಂಗಳೂರಿನ ಹಂಪನಕಟ್ಟೆಯ ಕರಕುಶಲ ಸಾಮಗ್ರಿಯ ಅಂಗಡಿಯೊಂದರಲ್ಲಿ 1,450 ರೂಪಾಯಿಗೆ ಸಿಗುತ್ತದೆ. ಕೊಟ್ಟ ಹಣಕ್ಕೆ ಮೋಸವಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ.

ಜೋಡಿಸಿ ಮುಗಿದಾಗ ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 15 ಸೆಂ.ಮೀ. ಇರುತ್ತದೆ. ಅಚ್ಚಿನ ಕೆಲಸ ಅಚ್ಚುಕಟ್ಟಾಗಿದೆ. ಮೂಲ ವಿಮಾನದ ಮುಂಭಾಗಕ್ಕೂ ರೆಕ್ಕೆಗಳಿಗೂ ಪ್ಲೈವುಡ್‌ಗೆ ಅಲ್ಯೂಮಿನಿಯಂ ತಗಡು ಅಂಟಿಸಿದ ಹಾಳೆಯ ಹೊದಿಕೆಯಿತ್ತು. ಹಿಂಭಾಗಕ್ಕೆ ಮಾತ್ರ ಹಳೆಯ ಕಾಲದಂತೆ ಬಟ್ಟೆಯನ್ನು ಬಿಗಿಯುತ್ತಿದ್ದರು. ಕಿಟ್‌ನಲ್ಲಿ ಈ ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ: ಮುಂದೆ ನುಣುಪು, ಕಾಕ್‌ಪಿಟ್ಟಿನ ಹಿಂದೆ ಬಟ್ಟೆಯಡಿಯ ಪಟ್ಟಿಗಳ ಏರಿಳಿತ. ಹೊಟ್ಟೆಯಡಿಯಲ್ಲಿ ಇಳಿಸಿ ಏರಿಸುವ ರೇಡಿಯೇಟರ್ ಪ್ರತ್ಯೇಕ ತುಂಡಾಗಿ ಬಂದಿದೆ. ಪ್ರೊಪೆಲ್ಲರಿನ ನಡುವಿನಿಂದ ಗುಂಡು ಹಾರಿಸುತ್ತಿದ್ದ 20 ಮಿ.ಮೀ. ತೋಪಿನ ಬಾಯಿಗೂ ರಂಧ್ರ ಕೊರೆದಿದ್ದಾರೆ. ಈ ಬೆಲೆಯ ಕಿಟ್‌ಗಳಲ್ಲಿ ಅಷ್ಟು ಕಾಳಜಿ ಅಪರೂಪ.

ನನ್ನ ತಕರಾರಿರುವುದು ಒಳಗಿನ ಕರಪತ್ರದ ಬಗ್ಗೆ. ವಿಮಾನ ತಡವಾಗಿ ಬಂದದ್ದಕ್ಕೆ ಯುದ್ಧಸಾಮಗ್ರಿ ಕಾರ್ಖಾನೆಗಳನ್ನು ಸರ್ಕಾರದ ಕೈಗೆ ತಂದ 1936ರ ಆಗಸ್ಟ್ 11ರ ರಾಷ್ಟ್ರೀಕರಣ ಕಾನೂನೇ ಕಾರಣ ಎಂದು ಅದು ಒಂದೇ ವಾಕ್ಯದಲ್ಲಿ ತೀರ್ಪು ಕೊಟ್ಟುಬಿಡುತ್ತದೆ. ವಾಯು ಸಚಿವ ಪಿಯರ್ ಕಾಟ್ ಅವರ ಕಾಲದ ಆ ಕಾನೂನಿನಿಂದ ಆರು ಸರ್ಕಾರಿ ಕಂಪನಿಗಳು ಹುಟ್ಟಿದ್ದೂ, ಆಡಳಿತ ಕೈಬದಲಾಗುವಾಗ ಕೆಲಸ ಕುಂಟಿದ್ದೂ ನಿಜ. ಆದರೆ ರೋಗ ಅದಕ್ಕಿಂತ ಹಳೆಯದು. 1928ರಲ್ಲಿ ವಾಯು ಸಚಿವಾಲಯ ಸ್ಥಾಪನೆಯಾದ ಮೇಲೆ ಸರ್ಕಾರ ಹೊಸ ಹೊಸ ಮೂಲಮಾದರಿಗಳಿಗೆ ಧಾರಾಳವಾಗಿ ಹಣ ಕೊಟ್ಟಿತೇ ಹೊರತು, ಒಂದೇ ಮಾದರಿಯನ್ನು ದೊಡ್ಡ ಸಂಖ್ಯೆಯಲ್ಲಿ ಕೊಳ್ಳುವ ಮನಸ್ಸು ಮಾಡಲಿಲ್ಲ. ಹತ್ತಾರು ಕಂಪನಿಗಳಿಗೆ ಚಿಕ್ಕ ಚಿಕ್ಕ ಆರ್ಡರುಗಳನ್ನು ಹಂಚಿದ್ದರಿಂದ ಎಲ್ಲರೂ ಬದುಕಿಕೊಂಡರು, ಆದರೆ ಹೊಸ ಯಂತ್ರೋಪಕರಣಗಳಿಗೆ ಬಂಡವಾಳ ಹಾಕುವಷ್ಟು ನೆಚ್ಚಿಕೆ ಯಾರಿಗೂ ಸಿಗಲಿಲ್ಲ. ನಾಳೆ ಆರ್ಡರ್ ಬರುತ್ತದೋ ಇಲ್ಲವೋ ತಿಳಿಯದ ಮಾಲೀಕ ಕುಶಲಕರ್ಮಿಗಳ ಕೈಕೆಲಸವನ್ನೇ ನಂಬಿ ಕುಳಿತರೆ ಅವನನ್ನು ದೂರುವಂತಿಲ್ಲ.

ಮೊರಾನ್‌ನ ದಿನಾಂಕಗಳನ್ನೇ ನೋಡಬಹುದು. 1934ರಲ್ಲಿ ಸಚಿವಾಲಯ ಹೊಸ ಫೈಟರ್ ಬೇಕೆಂದು ಕೇಳಿತು. 1935ರ ಆಗಸ್ಟ್‌ನಲ್ಲೇ ಮೂಲಮಾದರಿ ಹಾರಿತು. ಸಾವಿರ ವಿಮಾನಗಳ ದೊಡ್ಡ ಆರ್ಡರ್ ಬಂದದ್ದು ಮಾತ್ರ 1938ರಲ್ಲಿ, ಹೊಸ ವಾಯು ಸಚಿವ ಗೀ ಲಾ ಶಾಂಬ್ರ್ ಅವರ ಐದನೇ ಯೋಜನೆಯ, ಅಂದರೆ ವಾಯುಪಡೆಯನ್ನು ಬಲಪಡಿಸುವ ಯೋಜನೆಯ ಕಾಲಕ್ಕೆ. 860 ಅಶ್ವಶಕ್ತಿಯ ಹಿಸ್ಪಾನೋ-ಸುಯಿಸಾ ಎಂಜಿನ್‌ಗಳ ಪೂರೈಕೆಯೂ ಸಾಲದಾಯಿತು. ಎಂಜಿನ್ ತಯಾರಿಕೆ ಬಹುಮಟ್ಟಿಗೆ ಖಾಸಗಿಯವರ ಕೈಯಲ್ಲೇ ಉಳಿದಿತ್ತು ಎಂಬುದನ್ನು ಕರಪತ್ರ ಬರೆದವರು ಮರೆತಿದ್ದಾರೆ. ಗಂಟೆಗೆ 490 ಕಿ.ಮೀ. ದಾಟದ ಈ ವಿಮಾನ 1940ರಲ್ಲಿ ಎದುರಿಸಿದ್ದು 550 ಕಿ.ಮೀ. ಮೀರಿ ಹಾರುವ ಜರ್ಮನ್ ಮೆಸ್ಸರ್‌ಶ್ಮಿಟ್ ಅನ್ನು. ವಿನ್ಯಾಸಕಾರರಿಗಿಂತ ಹೆಚ್ಚಿನ ಹೊಣೆ ಕೊಳ್ಳುವವರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಬಣ್ಣದ ವಿಷಯದಲ್ಲಿ ಕರಾವಳಿಯವರಿಗೊಂದು ಮಾತು. ಜೂನ್-ಜುಲೈ ತಿಂಗಳ ತೇವದಲ್ಲಿ ಎನಾಮೆಲ್ ಬೇಗ ಒಣಗುವುದಿಲ್ಲ, ನೀರಿನಲ್ಲಿ ನೆನೆಸಿ ಮಾದರಿಗೆ ಅಂಟಿಸುವ ಗುರುತುಗಳ ಡೆಕಾಲ್ ಹಾಳೆಯೂ ಹಳದಿಗೆ ತಿರುಗುತ್ತದೆ; ನನಗೆ ಸಿಕ್ಕ ಪೆಟ್ಟಿಗೆಯಲ್ಲಿ ಬಾಲದ ಮೂರುಬಣ್ಣದ ಪಟ್ಟಿ ನೀರಿಗೆ ಹಾಕಿದ ಕೂಡಲೇ ಬಿರುಕುಬಿಟ್ಟಿತು. ಅಂಗಡಿಯ ಯಜಮಾನರು ತಕರಾರಿಲ್ಲದೆ ಬೇರೆ ಹಾಳೆ ತರಿಸಿಕೊಟ್ಟರು. ಕೊಳ್ಳುವ ಮುನ್ನ ಅಲ್ಲೇ ಪೆಟ್ಟಿಗೆ ತೆರೆದು ನೋಡಲೂ ಬಿಡುತ್ತಾರೆ.

ಅರ್ಧ ಹಣ ಮುಂಗಡ ಕೊಟ್ಟರೆ ಅಮೆರಿಕದ ಫೈಟರ್ ಕರ್ಟಿಸ್ ಹಾಕ್ 75ರ ಕಿಟ್ಟನ್ನೂ ಅವರು ತರಿಸಿಕೊಡುತ್ತಾರೆ. ಸ್ವದೇಶಿ ಕಾರ್ಖಾನೆಗಳು ಸಾಲದೆ 1938ರ ಮೇ ತಿಂಗಳಲ್ಲಿ ಫ್ರಾನ್ಸ್ ಅಮೆರಿಕದಿಂದ ನೂರು ಹಾಕ್‌ಗಳನ್ನು ಕೊಂಡಿತು. ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ 1942ರಲ್ಲಿ ಜೋಡಿಸಿ ಹಾರಿಸಿದ್ದೂ ಇದೇ ಕುಲದ ವಿಮಾನವನ್ನು. ಎರಡನ್ನೂ ಒಟ್ಟಿಗೆ ಕೊಳ್ಳುವವರಿಗೆ ನನ್ನ ಸಲಹೆ, ಮೊರಾನ್ ಅನ್ನು ಮೊದಲು ಜೋಡಿಸಿ; ಹಾಕ್‌ನ ಪೂರ್ತಿ ಲೋಹದ ಮೈ ಎಷ್ಟು ಸರಳವೆಂಬುದು ಆಮೇಲೆ ಚೆನ್ನಾಗಿ ಅರ್ಥವಾಗುತ್ತದೆ.